ಖಾನಾಪುರ ರಸ್ತೆಯ ಇತಿಹಾಸ ಯಾರ ಕಪಾಟಿನಲ್ಲಿದೆ?

ಬೆಳಗಾವಿಯಿಂದ ದಕ್ಷಿಣಕ್ಕೆ ಹೊರಟು ಟಿಳಕವಾಡಿ ದಾಟಿ, ಉದ್ಯಮಬಾಗದ ಕಾರ್ಖಾನೆಗಳನ್ನು ಹಿಂದೆ ಹಾಕಿದರೆ ಪೀರನವಾಡಿ ಸಿಗುತ್ತದೆ. ಇಲ್ಲಿ ದಾರಿ ಕವಲೊಡೆಯುತ್ತದೆ: ಒಂದು ಜಾಂಬೋಟಿ, ಚೋರ್ಲಾ ಘಾಟ್ ಕಡೆಗೆ, ಇನ್ನೊಂದು ಖಾನಾಪುರಕ್ಕೆ. 2020ರ ಆಗಸ್ಟ್‌ನಲ್ಲಿ ಈ ಕವಲಿನ ಹೆಸರು ನಾಡಿನ ಎಲ್ಲ ಪತ್ರಿಕೆಗಳಲ್ಲೂ ಬಂತು. ಸಂಗೊಳ್ಳಿ ರಾಯಣ್ಣನ ಮೂರ್ತಿ ರಾತ್ರೋರಾತ್ರಿ ಇಲ್ಲಿ ನಿಂತಿತು. ಅದಕ್ಕೆ ವಿರೋಧ ಬಂತು, ಪೊಲೀಸರು ಬಂದರು, ಮಾತುಕತೆಯೂ ನಡೆಯಿತು. ಕೊನೆಗೆ ರಾಯಣ್ಣನ ಮೂರ್ತಿ ಇದ್ದಲ್ಲೇ ಇರಲಿ, ಚೌಕಕ್ಕೆ ಛತ್ರಪತಿ ಶಿವಾಜಿ ಮಹಾರಾಜರ ಹೆಸರೇ ಮುಂದುವರಿಯಲಿ ಎಂದು ಇತ್ಯರ್ಥವಾಯಿತು.

ಮೂರ್ತಿಗೆ ಹಾರ ಹಾಕಲು ನಾವು ಎಂದೂ ಹಿಂದೆ ಬಿದ್ದವರಲ್ಲ. ಆದರೆ ಆ ಮೂರ್ತಿಯ ಹಿಂದಿನ ಮನುಷ್ಯನ ಬಗ್ಗೆ, ಅವನು ಓಡಾಡಿದ ಈ ಸೀಮೆಯ ಬಗ್ಗೆ ಒಂದು ಕಾಗದ, ಒಂದು ಕಲ್ಲು, ಒಂದು ಹಾಡು ಎಲ್ಲಿ ಸಿಗುತ್ತದೆ ಎಂದು ಕಾಲೇಜು ಹುಡುಗಿಯೊಬ್ಬಳು ಕೇಳಿದರೆ ಎಲ್ಲಿಗೆ ಕಳಿಸುವುದು? ಈ ರಸ್ತೆಗುಂಟ ಮತ್ತು ಅದರ ಆಚೀಚೆ ಇತಿಹಾಸವನ್ನು ಕಾಯ್ದಿಟ್ಟ ತಾಣಗಳು ಹಲವಿವೆ. ಈ ಲೇಖನ ಅವುಗಳ ಪರಿಚಯ. ಜೊತೆಗೆ ಇಲ್ಲೇ ಹುಟ್ಟಿ ಇಲ್ಲಿಂದ ದೂರ ಹೋದ ವಸ್ತುಗಳ ಲೆಕ್ಕವೂ ಹೌದು.

ಪೀರನವಾಡಿಗೆ ಹತ್ತಿರದ್ದು ಟಿಳಕವಾಡಿಯ ವೀರಸೌಧ. 1924ರ ಡಿಸೆಂಬರ್ 26 ಮತ್ತು 27ರಂದು ಇಲ್ಲಿ ಕಾಂಗ್ರೆಸ್ ಮಹಾಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದು ಇದೊಂದೇ ಅಧಿವೇಶನಕ್ಕೆ. ನೆಲಕ್ಕೆ ವಿಜಯನಗರ ಎಂದು ಹೆಸರಿಟ್ಟಿದ್ದರು. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳತ್ವ, ಡಾ. ನಾ.ಸು. ಹರ್ಡೀಕರರ ಸೇವಾದಳದ ಶಿಸ್ತು, ವೀಣೆ ಶೇಷಣ್ಣನವರ ವೀಣಾವಾದನ, ಹುಯಿಲಗೋಳ ನಾರಾಯಣರಾಯರ ಗೀತೆ, ಆಗಿನ್ನೂ ಬಾಲಕಿಯಾಗಿದ್ದ ಗಂಗೂಬಾಯಿ ಹಾನಗಲ್ ಅವರ ಸ್ವಾಗತದ ಹಾಡು, ಎಲ್ಲವೂ ಈ ನೆಲದಲ್ಲಿ ಒಂದಾದವು. ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಕರ್ನಾಟಕ ಏಕೀಕರಣ ಸಮ್ಮೇಳನ ಕೂಡಿದ್ದೂ ಅದೇ ವೇಳೆ, ಅದೇ ಜಾಗದಲ್ಲಿ. ವೀರಸೌಧದಲ್ಲಿ ಆ ದಿನಗಳ ಫೋಟೋಗಳಿವೆ. ಪಕ್ಕದಲ್ಲೇ ಬಾವಿ ಇದೆ. ಜನ ಅದನ್ನು ಕಾಂಗ್ರೆಸ್ ಬಾವಿ ಎನ್ನುತ್ತಾರೆ. ಬಂದವರಿಗೆ ನೀರು ಬೇಕೆಂದು ಅಧಿವೇಶನಕ್ಕಾಗಿಯೇ 4,370 ರೂಪಾಯಿ 3 ಆಣೆ ಖರ್ಚು ಮಾಡಿ ತೋಡಿಸಿದ್ದು. ಆ ಮೂರು ಆಣೆಯನ್ನೂ ಯಾರೋ ಬರೆದಿಟ್ಟರಲ್ಲ, ಆ ಕೈಯ ಬಗ್ಗೆ ನನಗೆ ಅಪಾರ ಗೌರವ. ಊರಿನ ಇತಿಹಾಸ ಉಳಿಯುವುದು ಭಾಷಣಗಳಿಂದ ಎನ್ನುವುದಕ್ಕಿಂತ ಇಂಥ ಜಮಾಖರ್ಚಿನ ಪುಸ್ತಕಗಳಿಂದ.

ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿ ಆ ಅಧಿವೇಶನಕ್ಕಿಂತ ಏಳು ಶತಮಾನ ಹಿಂದಿನದು. 1204ರಲ್ಲಿ ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಕಟ್ಟಿಸಿದ್ದು. ಮಂಟಪದ ನಡುವೆ ನಿಂತು ಕತ್ತೆತ್ತಿದರೆ ಛತ್ತಿನಿಂದ ಕಲ್ಲಿನ ಕಮಲವೊಂದು ಇಳಿಬಿದ್ದಿರುತ್ತದೆ. ಅದರ ದಳಗಳಲ್ಲಿ ಹಿಂದಿನ, ಇಂದಿನ, ಮುಂದಿನ ಕಾಲಗಳ 24ರಂತೆ 72 ತೀರ್ಥಂಕರರು. ಅದೇ ಕಾಲದ ಎರಡು ಶಿಲಾಶಾಸನಗಳು ಮಾತ್ರ ಈ ಊರಿನಲ್ಲಿಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅವನ್ನು ಓದಿ ಪ್ರಕಟಿಸಿದವರು ಎಲ್.ಡಿ. ಬಾರ್ನೆಟ್. ಬಸದಿಗೆ ಕೊಟ್ಟ ದತ್ತಿ ಅವುಗಳ ವಿಷಯ. ಆದರೆ ನಮಗೆ ಅವು ಎಂಟುನೂರು ವರ್ಷ ಹಿಂದಿನ ಬೆಳಗಾವಿ ಪೇಟೆಯನ್ನು ಕಣ್ಣಮುಂದೆ ತರುತ್ತವೆ. ವೇಣುಗ್ರಾಮದ, ಅಂದರೆ ಆಗಿನ ಬೆಳಗಾವಿಯ, ವರ್ತಕರ ಜೊತೆ ಗುಜರಾತಿನ ಕಡೆಯ ಲಾಟ ವ್ಯಾಪಾರಿಗಳು, ಮಲೆಯಾಳದ ವ್ಯಾಪಾರಿಗಳು, ಅಕ್ಕಸಾಲಿಗರು, ಬಟ್ಟೆ ಅಂಗಡಿಯವರು, ಎಣ್ಣೆ ವ್ಯಾಪಾರಿಗಳು ಕೂಡಿ ಕುಳಿತು ಯಾವ ಸರಕಿಗೆ ಎಷ್ಟು ಸುಂಕ ಬಸದಿಗೆ ಸಲ್ಲಬೇಕೆಂದು ಗೊತ್ತು ಮಾಡುತ್ತಾರೆ: ಕುದುರೆ, ಬಟ್ಟೆ, ಹತ್ತಿ, ಸುಗಂಧದ್ರವ್ಯ, ಭತ್ತ, ಮೆಣಸು, ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು. ಬೆಳಗಾವಿ ಹಲವು ನುಡಿಯ ಪೇಟೆಯಾದದ್ದು ನಿನ್ನೆ ಮೊನ್ನೆ ಅಲ್ಲ ಎಂಬುದಕ್ಕೆ ಕಲ್ಲಿನಲ್ಲೇ ಕೊರೆದ ಸಾಕ್ಷಿ ಇದು. ಮೂಲ ಲಂಡನ್ನಿನಲ್ಲಿದ್ದರೂ ಅದರ ಅಚ್ಚೊಂದು, ಸರಳಗನ್ನಡದ ಪಾಠವೊಂದು ರವಿವಾರ ಪೇಟೆಯ ಮಕ್ಕಳಿಗೆ ಓದಲು ಸಿಗಬೇಕು ಎಂಬುದು ನನ್ನ ಬಹುಕಾಲದ ಆಸೆ.

ಕೋಟೆಗಿಂತಲೂ ಹಳೆಯ ಬೆಳಗಾವಿ ವಡಗಾವಿಯ ಮಗ್ಗದ ಓಣಿಗಳ ಆಚೆ ಇದೆ. ವಡಗಾವಿ–ಮಾಧವಪುರದಲ್ಲಿ 1970ರ ದಶಕದಲ್ಲಿ ಪುರಾತತ್ವಜ್ಞ ಅ. ಸುಂದರ ಅವರ ನೇತೃತ್ವದ ಉತ್ಖನನದಲ್ಲಿ ಶಾತವಾಹನರ ಕಾಲದ ಪಟ್ಟಣವೊಂದರ ಕುರುಹು ಸಿಕ್ಕಿತು. ಇಂದು ಸೀರೆ ನೇಯುವವರ ಮನೆಗಳಿರುವ ಸೀಮೆಯಲ್ಲಿ ಎರಡು ಸಾವಿರ ವರ್ಷದ ಹಿಂದೆಯೂ ಪೇಟೆ ಇತ್ತು.

ಛಾವಣಿ ಪ್ರದೇಶದಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರಿನದೇ ವಸ್ತುಸಂಗ್ರಹಾಲಯವಿದೆ. 1768ರಲ್ಲಿ ಹುಟ್ಟಿದ ಪಡೆ ಅದು. ಎರಡನೆಯ ಮಹಾಯುದ್ಧದಲ್ಲಿ ಇಟಲಿಯಲ್ಲಿ ಕಾದಾಡಿ ವಿಕ್ಟೋರಿಯಾ ಕ್ರಾಸ್ ಪಡೆದ ಯಶವಂತ ಘಾಡ್ಗೆ ಮತ್ತು ನಾಮದೇವ ಜಾಧವ ಈ ಪಡೆಯವರೇ. ತನ್ನವರ ಹೆಸರನ್ನು ಮರೆಯದೆ ಬರೆದಿಡುವ ಶಿಸ್ತು ಸೈನ್ಯಕ್ಕೆ ಇದೆ. ಊರಿಗೂ ಅದು ಬರಬೇಕು.

ಖಾನಾಪುರ ದಾಟಿದ ಮೇಲೆ ನಂದಗಡ. 1831ರ ಜನವರಿ 26ರಂದು ರಾಯಣ್ಣನನ್ನು ಗಲ್ಲಿಗೇರಿಸಿದ್ದು ಇಲ್ಲಿ. ಸಮಾಧಿಯ ಹತ್ತಿರದ ಆಲದ ಮರಕ್ಕೆ ಹರಕೆ ಹೊತ್ತು ಬರುವವರು ಇಂದಿಗೂ ಕಡಿಮೆಯಾಗಿಲ್ಲ. ರಾಯಣ್ಣನ ಕಥೆಯನ್ನು ಮೊದಲು ಉಳಿಸಿಕೊಂಡವರು ಸರ್ಕಾರದವರೂ ಅಲ್ಲ, ವಿದ್ವಾಂಸರೂ ಅಲ್ಲ. ಲಾವಣಿ, ಗೀಗೀ ಪದ ಹಾಡುವವರು. ಅವರ ಬಾಯಲ್ಲಿದ್ದದ್ದನ್ನು 19ನೇ ಶತಮಾನದಲ್ಲಿ ಕಾಗದಕ್ಕೆ ಇಳಿಸಿದವನು ಮುಂಬಯಿ ಸರ್ಕಾರದ ಅಧಿಕಾರಿ ಜಾನ್ ಫೇತ್‌ಫುಲ್ ಫ್ಲೀಟ್. ತನ್ನದೇ ಸರ್ಕಾರ ಬಂಡುಕೋರನೆಂದು ಗಲ್ಲಿಗೇರಿಸಿದವನ ಹಾಡನ್ನು ಆ ಸರ್ಕಾರದ ಅಧಿಕಾರಿಯೇ ಬರೆದುಕೊಂಡು ಅಚ್ಚು ಹಾಕಿಸಿದ.

ಅದೇ ಫ್ಲೀಟ್ ನಮ್ಮನ್ನು ಇನ್ನೊಂದು ಊರಿಗೆ ಕರೆದೊಯ್ಯುತ್ತಾನೆ. ನಂದಗಡದಿಂದ ಹಲಸಿಗೆ ಹೋಗುವ ದಾರಿಯಲ್ಲಿ, ಹಲಸಿಗೆ ಸ್ವಲ್ಪ ಮುಂಚೆ, ಚಕ್ರತೀರ್ಥವೆಂಬ ಸಣ್ಣ ಬಾವಿಯ ಹತ್ತಿರದ ದಿಬ್ಬದಲ್ಲಿ 1860ರ ಸುಮಾರಿಗೆ ಕದಂಬರ ತಾಮ್ರಪಟಗಳು ಸಿಕ್ಕವು. ಒಂದಲ್ಲ, ಏಳು ದಾನಪತ್ರಗಳು. ಫ್ಲೀಟ್ ಅವನ್ನು ಓದಿ ಪ್ರಕಟಿಸಿದ. ಹಲಸಿ ಆಗ ಪಲಾಶಿಕಾ, ಕದಂಬರ ರಾಜಧಾನಿಗಳಲ್ಲಿ ಒಂದು. ಒಂದು ಪಟದಲ್ಲಿ ಕಾಕುಸ್ಥವರ್ಮ ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಖೇಟಗ್ರಾಮದಲ್ಲಿ ಹೊಲ ಕೊಡುತ್ತಾನೆ. ಇನ್ನೊಂದರಲ್ಲಿ ರವಿವರ್ಮ ಪ್ರತಿವರ್ಷ ಕಾರ್ತಿಕ ಹುಣ್ಣಿಮೆಯ ಹೊತ್ತಿಗೆ ಎಂಟು ದಿನ ಜಿನೇಂದ್ರನ ಉತ್ಸವ ನಡೆಯಬೇಕು, ಮಳೆಗಾಲದ ನಾಲ್ಕು ತಿಂಗಳು ಯತಿಗಳಿಗೆ ಊಟದ ವ್ಯವಸ್ಥೆ ಆಗಬೇಕು ಎಂದು ಕಟ್ಟಳೆ ಮಾಡುತ್ತಾನೆ. ಖಾನಾಪುರದ ಮಳೆ ಕಂಡವರಿಗೆ ಆ ನಾಲ್ಕು ತಿಂಗಳು ಎಂದರೆ ಏನೆಂದು ಹೇಳಬೇಕಿಲ್ಲ. ಹಲಸಿಯಲ್ಲಿ ಇಂದು ನೋಡಬೇಕಾದದ್ದು ಗೋವೆಯ ಕದಂಬರ ಕಾಲದ ಭೂವರಾಹ ನರಸಿಂಹ ದೇವಾಲಯ. ಒಂದೇ ಗುಡಿಯಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿವೆ.

ಈ ಸೀಮೆಯ ವಿದ್ವತ್ತಿನ ತವರು ಧಾರವಾಡ. ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದು ಎಬ್ಬಿಸಿದ ಹಂಬಲದ ಊರಿನಲ್ಲೇ 1939ರಲ್ಲಿ ಮುಂಬಯಿ ಸರ್ಕಾರ ಕನ್ನಡ ಸಂಶೋಧನ ಸಂಸ್ಥೆಯನ್ನು ತೆರೆಯಿತು. ಆರ್.ಎಸ್. ಪಂಚಮುಖಿ ಅದರ ಮೊದಲ ನಿರ್ದೇಶಕರು. ಈಗ ಅದು ಕರ್ನಾಟಕ ವಿಶ್ವವಿದ್ಯಾಲಯದ ಭಾಗ. ಅದರ ವಸ್ತುಸಂಗ್ರಹಾಲಯದಲ್ಲಿ ಶಿಲ್ಪ, ಶಾಸನ, ನಾಣ್ಯ, ಹಸ್ತಪ್ರತಿಗಳಿವೆ. ಕಿತ್ತೂರು ಕೋಟೆಯೊಳಗೆ ರಾಜ್ಯ ಪುರಾತತ್ವ ಇಲಾಖೆಯ ಸಂಗ್ರಹಾಲಯ ಬೇರೆ ಇದೆ. ಇನ್ನು ನೆರೆಹೊರೆ ನೋಡಿದರೆ, ಬೆಂಗಳೂರಿನ ಮಿಥಿಕ್ ಸೊಸೈಟಿ 1909ರದು, ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳ 1910ರದು. ಎರಡನ್ನೂ ಕಟ್ಟಿದವರು ಆಸಕ್ತ ನಾಗರಿಕರು. ಪುಣೆಯಲ್ಲಿ ವಿ.ಕಾ. ರಾಜವಾಡೆ ಊರೂರು ತಿರುಗಿ ವಾಡೆಗಳಲ್ಲಿ ಗಂಟು ಕಟ್ಟಿಟ್ಟಿದ್ದ ಮೋಡಿ ಲಿಪಿಯ ಮರಾಠಿ ಕಾಗದ ಹುಡುಕಿ ತಂದರು. ಮಿಥಿಕ್ ಸೊಸೈಟಿಯವರು ಈಗ ಬೆಂಗಳೂರು ಸೀಮೆಯ ಶಾಸನಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಡಿಜಿಟಲ್ ಪ್ರತಿ ಮಾಡುತ್ತಿದ್ದಾರೆ.

ಪುಣೆ, ಧಾರವಾಡಗಳ ನಡುವೆ ಬೆಳಗಾವಿ ಇದೆ, ಬೆಳಗಾವಿಯ ಅಂಚಿಗೆ ಪೀರನವಾಡಿ. ಈ ಸೀಮೆಯ ಮನೆಗಳ ಅಟ್ಟದಲ್ಲಿ ಕನ್ನಡದ ಕಾಗದವೂ ಇದೆ, ಮೋಡಿಯ ಕಾಗದವೂ ಇದೆ; ಎಷ್ಟೋ ಸಲ ಒಂದೇ ಮನೆಯಲ್ಲಿ, ಒಂದೇ ಗಂಟಿನಲ್ಲಿ. ಪುಣೆಗೆ ಹೋದರೆ ಒಂದು ಭಾಷೆಯವು ಬೆಳಕು ಕಾಣುತ್ತವೆ, ಧಾರವಾಡಕ್ಕೆ ಹೋದರೆ ಇನ್ನೊಂದು ಭಾಷೆಯವು. ಗಂಟನ್ನು ಬಿಡಿಸಿ ಹಂಚದೆ ಇಡಿಯಾಗಿ ಓದಬೇಕಾದರೆ ಅದು ಇಲ್ಲೇ ಉಳಿಯಬೇಕು, ಎರಡೂ ಬಲ್ಲವರು ಅದನ್ನು ನೋಡಿಕೊಳ್ಳಬೇಕು. ಪೀರನವಾಡಿ ಚೌಕದಲ್ಲಿ ಒಂದು ಹೆಸರೂ ಒಂದು ಮೂರ್ತಿಯೂ ಕೂಡಿ ಇರಲು ಒಪ್ಪಿದ್ದೇ ಆದರೆ, ಅದರ ಸಮೀಪ ಎರಡು ಕೋಣೆಯ ಸಂಗ್ರಹವೊಂದು ಏಕಾಗಬಾರದು? ಅಲ್ಲಿ ಸೇರಬೇಕಾದದ್ದು ರಾಜರ ಕತ್ತಿ ಮಾತ್ರವಲ್ಲ. ಖಾನಾಪುರ ಮಣ್ಣಿಗೆ ಹೆಸರಾದ ಊರು. ಗ್ರಾಮೀಣ ಕುಂಬಾರಿಕೆ ಕಲಿಸುವ ಖಾದಿ ಆಯೋಗದ ಸಂಸ್ಥೆಯೂ ಅಲ್ಲಿದೆ. ಕುಂಬಾರರ ತಿಗರಿ, ಹೆಂಚಿನ ಮೇಲಿನ ಕಾರ್ಖಾನೆ ಮುದ್ರೆ, ಉದ್ಯಮಬಾಗದ ಫೌಂಡ್ರಿಗಳಲ್ಲಿ ಎರಕಕ್ಕೆ ಬಳಸಿದ ಕಟ್ಟಿಗೆಯ ಪ್ಯಾಟರ್ನು, ವಡಗಾವಿಯ ನೇಕಾರರ ಲಾಳಿ, ಇವೂ ಇತಿಹಾಸವೇ. ಪ್ಯಾಟರ್ನ್ ಮಾಡುವ ಬಡಿಗನ ಕೈಚಳಕ ಎಂಥದೆಂದು ಬಲ್ಲವರು ಇನ್ನೂ ನಮ್ಮ ನಡುವೆ ಇರುವಾಗಲೇ ಅದನ್ನು ಕೇಳಿ ಬರೆದುಕೊಳ್ಳಬೇಕು.

ಅಲ್ಲಿಯವರೆಗೆ ಮನೆಯಲ್ಲೇ ಮಾಡಬಹುದಾದ ಕೆಲಸವಿದೆ. ಹಳೆಯ ಕಾಗದಕ್ಕೆ ಲ್ಯಾಮಿನೇಶನ್ ಮಾಡಿಸಬೇಡಿ, ಸೆಲೋ ಟೇಪ್ ಅಂಟಿಸಬೇಡಿ. ಎರಡರಿಂದಲೂ ಕಾಗದ ಹಾಳಾಗುತ್ತದೆ. ಇಲ್ಲಿನ ಮಳೆಗಾಲದ ತೇವ ತಾಗದಂತೆ ನೆಲದಿಂದ ಎತ್ತರದಲ್ಲಿ, ಗಾಳಿಯಾಡುವ ಕಡೆ, ಸ್ವಚ್ಛ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಅಜ್ಜ ಅಜ್ಜಿಯರ ಫೋಟೋದ ಹಿಂದೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ ಹೆಸರು, ಊರು, ಗೊತ್ತಿದ್ದರೆ ಇಸವಿ ಬರೆಯಿರಿ, ಬಾಲ್‌ಪೆನ್ ಬೇಡ. ಗುಡಿಯ ಮುಂದಿನ ಶಾಸನಕಲ್ಲಿಗೆ, ವೀರಗಲ್ಲಿಗೆ ಜಾತ್ರೆಯ ಸಮಯದಲ್ಲಿ ಸುಣ್ಣ, ಆಯಿಲ್ ಪೇಂಟ್ ಬಳಿಯುವವರಿದ್ದರೆ ಪಂಚರಿಗೆ ಹೇಳಿ ನಿಲ್ಲಿಸಿ. ಬೆಳಗಿನ ಓರೆ ಬಿಸಿಲಿನಲ್ಲಿ ಅಕ್ಷರಗಳು ಚೆನ್ನಾಗಿ ಏಳುತ್ತವೆ. ಆಗ ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆದು, ಕಲ್ಲು ಎಲ್ಲಿದೆ ಎಂದು ಗುರುತು ಬರೆದು ಧಾರವಾಡದ ಸಂಶೋಧನ ಸಂಸ್ಥೆಗೋ ಪುರಾತತ್ವ ಇಲಾಖೆಗೋ ಕಳಿಸಿ. ವೀರಸೌಧ ನೋಡಿಕೊಂಡು ಹಲಸಿಗೆ ಹೊರಡುವವರು ಖಾನಾಪುರದಿಂದ ಮುಂದೆ ಸುಮಾರು 14 ಕಿ.ಮೀ. ದಾರಿ ಹಿಡಿಯಬೇಕು; ದಾರಿಯಲ್ಲಿ ನಂದಗಡ ಸಿಗುತ್ತದೆ, ಬೆಳಗ್ಗೆ ಹೊರಟರೆ ಒಂದೇ ದಿನದಲ್ಲಿ ಎಲ್ಲ ನೋಡಿ ಬರಬಹುದು.