ಹರ್ಡಲ್ಸ್ ಓಟ ಮತ್ತು ಪಶುಪತಿಹಾಳದ ಶೋಭಾ



ಹೋದ ವರ್ಷ ತಾಲೂಕು ಕ್ರೀಡಾಕೂಟದಲ್ಲಿ ನಾನು ಹರ್ಡಲ್ಸ್ ಓಡಿದ್ದು ನಿಮಗೆಲ್ಲ ಗೊತ್ತದ. ಮೂರನೇ ಹರ್ಡಲಿಗೆ ಕಾಲು ತಾಗಿ ಅದು ಬಿತ್ತು. ನಾನು ಔಟಾದೆ ಅಂತ ತಿಳಿದು ಅಳುತ್ತಾ ಹೊರಗೆ ಬಂದೆ. ನಮ್ಮ ಪಿ.ಟಿ. ಸರ್ ಬೈಯಲಿಲ್ಲ. "ಯಾಕ ನಿಂತಿ? ನಿನಗ ಔಟ್ ಅಂತ ಯಾರು ಹೇಳಿದ್ರು?" ಅಂತ ಕೇಳಿದರು, ಅಷ್ಟೇ. ಆಮೇಲೆ ಅವರಿಂದ ಕೇಳಿ, ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಹರ್ಡಲ್ಸ್ ಅಂದರೆ ಅಡೆತಡೆ ಓಟ. ಮಹಿಳೆಯರ 100 ಮೀಟರ್ ಓಟದಲ್ಲಿ 10 ಹರ್ಡಲ್ ಇರುತ್ತವೆ. ಎತ್ತರ ಸುಮಾರು 84 ಸೆಂಟಿಮೀಟರ್, ಹೆಚ್ಚು ಕಡಿಮೆ ನನ್ನ ಸೊಂಟದ ತನಕ. (ನಮ್ಮ ವಯಸ್ಸಿನವರಿಗೆ ಇದಕ್ಕಿಂತ ಕಡಿಮೆ.) ಮೊದಲನೇದು 13 ಮೀಟರ್ ದೂರದಲ್ಲಿ, ಆಮೇಲೆ ಎಂಟೂವರೆ ಮೀಟರಿಗೆ ಒಂದೊಂದು. ನಡುವೆ ಮೂರೇ ಹೆಜ್ಜೆ ಹಾಕಬೇಕು. ನಾನು ಐದು ಹಾಕುತ್ತಿದ್ದೆ! ಎತ್ತರ ಜಿಗಿದಷ್ಟೂ ಚಲೋ ಅಂತ ನಾವು ತಿಳಿದಿದ್ದೇವೆ, ಅದು ತಪ್ಪು. ಗಾಳಿಯಲ್ಲಿ ಇದ್ದಷ್ಟು ಹೊತ್ತು ವೇಗ ಕಡಿಮೆಯಾಗುತ್ತದೆ. ಹರ್ಡಲನ್ನು ಸವರಿದಂಗ ದಾಟಬೇಕು. ಹರ್ಡಲಿನ ಪಾದಗಳು ನಾವು ಓಡಿ ಬರುವ ಕಡೆಗೇ ಇರುತ್ತವೆ, ಕಾಲು ತಾಗಿದರೆ ಮುಂದಕ್ಕೆ ಬೀಳಲಿ ಅಂತಲೇ. ಹಾಗೆ ಬಿದ್ದರೆ ಔಟ್ ಅಲ್ಲ! ಬೇಕಂತ ಕೆಡವಿದರೆ ಅಥವಾ ಹರ್ಡಲ್ ದಾಟದೆ ಬಿಟ್ಟರೆ ಔಟ್.

ಸರ್ ಹೇಳಿದ ಹೆಸರು ಜೆ.ಜೆ. ಶೋಭಾ. ಹುಟ್ಟಿದ್ದು 1978ರಲ್ಲಿ. ಊರು ಧಾರವಾಡ ಜಿಲ್ಲೆಯ ಪಶುಪತಿಹಾಳ, ನಮ್ಮಂಥ ಹಳ್ಳಿನೇ. ಅವರ ಆಟ ಹೆಪ್ಟಾಥ್ಲಾನ್, ಅಂದರೆ ಎರಡು ದಿನದಲ್ಲಿ ಏಳು ಸ್ಪರ್ಧೆ. ಮೊದಲನೇದೇ 100 ಮೀಟರ್ ಹರ್ಡಲ್ಸ್. ಆಮೇಲೆ ಎತ್ತರ ಜಿಗಿತ, ಗುಂಡು ಎಸೆತ, 200 ಮೀಟರ್. ಮರುದಿನ ಉದ್ದ ಜಿಗಿತ, ಭರ್ಚಿ ಎಸೆತ, ಕಡೆಗೆ 800 ಮೀಟರ್. ಏಳರ ಅಂಕವನ್ನೂ ಕೂಡಿಸುತ್ತಾರೆ, ನಮ್ಮ ಪರೀಕ್ಷೆ ಇದ್ದಂಗ. ಒಂದರಲ್ಲಿ ಕಡಿಮೆಯಾದರೆ ಇನ್ನೊಂದರಲ್ಲಿ ತುಂಬಿಕೊಳ್ಳಬಹುದು. ಆದರೆ ಒಂದಕ್ಕೆ ಇಳಿಯಲೇ ಇಲ್ಲ ಅಂದರೆ ಉಳಿದ ಆರೂ ನೀರಾಗ ಹೋದಂಗ.

2003ರಲ್ಲಿ ಹೈದರಾಬಾದಿನಲ್ಲಿ ಆಫ್ರೋ-ಏಷ್ಯನ್ ಕ್ರೀಡಾಕೂಟ ನಡೆಯಿತು. ಭರ್ಚಿ ಎಸೆಯುವಾಗ ಶೋಭಾ ಅವರ ಕಾಲಿಗೆ ಪೆಟ್ಟಾಯಿತು. ಸ್ಟ್ರೆಚರ್ ಮೇಲೆ ಹೊತ್ತುಕೊಂಡು ಹೋದರು. ಉಳಿದದ್ದು 800 ಮೀಟರ್ ಒಂದೇ, ಮೈದಾನ ಎರಡು ಸುತ್ತು. ಅವರು ಹರಡಿಗೆ ಬಿಗಿಯಾಗಿ ಪಟ್ಟಿ ಸುತ್ತಿಕೊಂಡು ಬಂದು ಓಡಿದರು. ಚಿನ್ನ ಅವರಿಗೇ ಬಂತು. ಇದನ್ನು ತಿಳಿದು ನನಗೆ ಭಾಳ ನಾಚಿಕೆಯಾಯಿತು. ನನ್ನ ಕಾಲಿಗೆ ಏನೂ ಆಗಿರಲಿಲ್ಲ, ಬಿದ್ದದ್ದು ಹರ್ಡಲ್ ಅಷ್ಟೇ. ನಮ್ಮವ್ವನಿಗೆ ಹೇಳಿದರೆ, "ಕಾಲಿಗಿ ಪೆಟ್ಟಾದ್ರ ಕೂಡಬೇಕವ್ವಾ, ಓಡತಾರೇನು?" ಅಂದಳು. ಅದೂ ಖರೇನೇ ಅದ.

ಶೋಭಾ ಅವರು 2002ರ ಬುಸಾನ್ ಮತ್ತು 2006ರ ದೋಹಾ ಏಷ್ಯನ್ ಕ್ರೀಡಾಕೂಟಗಳಲ್ಲಿ ಕಂಚು ಪಡೆದರು. 2004ರಲ್ಲಿ 6211 ಅಂಕ ಗಳಿಸಿ ರಾಷ್ಟ್ರೀಯ ದಾಖಲೆ ಮಾಡಿದರು. ಅದೇ ವರ್ಷ ಅಥೆನ್ಸ್, 2008ರಲ್ಲಿ ಬೀಜಿಂಗ್ ಒಲಿಂಪಿಕ್ಸಿಗೆ ಹೋದರು. ಅರ್ಜುನ ಪ್ರಶಸ್ತಿಯೂ ಬಂದದ.

ನಮ್ಮ ಸಾಲ್ಯಾಗ ಹರ್ಡಲ್ ಇಲ್ಲ. ಸರ್ ಹೇಳಿದಂಗ ಎರಡು ಕಡೆ ಇಟ್ಟಂಗಿ ಪೇರಿಸಿ, ಮ್ಯಾಲ ತೊಗರಿ ಕಟ್ಟಿಗೆ ಇಟ್ಟು ಓಡುತ್ತಿದ್ದೇನೆ. ಕಾಲು ತಾಗಿದರೆ ಕಟ್ಟಿಗೆ ಉರುಳುತ್ತದೆ, ಪೆಟ್ಟಾಗುವುದಿಲ್ಲ. ಐದು ಹೆಜ್ಜೆ ಈಗ ನಾಲ್ಕಕ್ಕೆ ಬಂದದ. ನಾಲ್ಕಾದರೆ ಒಂದು ಸಲ ಬಲಗಾಲು, ಒಂದು ಸಲ ಎಡಗಾಲು ಮುಂದೆ ಬರುತ್ತದೆ, ಅದೇ ತ್ರಾಸು. ಮೂರಕ್ಕೆ ಬರೋತನಕ ಯಾರೂ ಆ ಇಟ್ಟಂಗಿ ತೆಗೀಬ್ಯಾಡ್ರಿ.

— 9ನೇ ತರಗತಿ ವಿದ್ಯಾರ್ಥಿನಿ, ಕುಸನೂರ