ಸಭಾಕಂಪವೂ ಅದನ್ನು ಗೆಲ್ಲುವ ಬಗೆಯೂ

ಮನೆಯಲ್ಲಿ ಎಡೆಬಿಡದೆ ಮಾತನಾಡುವ ಹುಡುಗಿಯು ವಾರ್ಷಿಕೋತ್ಸವದ ದಿವಸ ವೇದಿಕೆಯನ್ನು ಹತ್ತಿದೊಡನೆ ಬಾಯಿಕಟ್ಟಿದವಳಂತೆ ನಿಂತುಬಿಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ನಮ್ಮಲ್ಲಿ ಅನೇಕರು ಹಾಗೆ ನಿಂತವರೇ ಆಗಿದ್ದೇವೆ. ಕಂಠಪಾಠವಾಗಿದ್ದ ಭಾಷಣವು ಮರೆತುಹೋಗುತ್ತದೆ, ನಾಲಿಗೆಯು ಒಣಗುತ್ತದೆ, ಮೊಣಕಾಲುಗಳು ನಡುಗುತ್ತವೆ. ಇದಕ್ಕೆ ಸಭಾಕಂಪವೆಂದು ಹೆಸರು. ಇದನ್ನು ಬುದ್ಧಿಯ ಕೊರತೆಯೆಂದು ಎಣಿಸಿ ಜೀವಮಾನವಿಡೀ ಸಭೆಗಳಲ್ಲಿ ಮೌನವಾಗಿ ಉಳಿದವರು ಉಂಟು. ಆ ಎಣಿಕೆಯು ತಪ್ಪೆಂದು ತೋರಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಮೊದಲು ಇದರ ಕಾರಣವನ್ನು ವಿಚಾರಿಸೋಣ. ಅಪಾಯವು ಎದುರಾದಾಗ ಮೂತ್ರಪಿಂಡಗಳ ಮೇಲಿರುವ ಎರಡು ಚಿಕ್ಕ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತದೊಳಕ್ಕೆ ಬಿಡುತ್ತವೆ. ಎದೆಯು ವೇಗವಾಗಿ ಬಡಿಯುತ್ತದೆ. ರಕ್ತವು ಹೊಟ್ಟೆಯ ಕಡೆಗೆ ಕಡಿಮೆಯಾಗಿ ಕೈಕಾಲುಗಳ ಸ್ನಾಯುಗಳಿಗೆ ಹೆಚ್ಚಾಗಿ ಹರಿಯುತ್ತದೆ. ಬಾಯಿಯ ನೀರು ಆರುತ್ತದೆ. ಹೋರಾಡುವುದಕ್ಕಾಗಲಿ ಓಡುವುದಕ್ಕಾಗಲಿ ದೇಹವು ಮಾಡಿಕೊಳ್ಳುವ ಈ ಸಿದ್ಧತೆಯನ್ನು ಅಮೆರಿಕದ ಶರೀರಶಾಸ್ತ್ರಜ್ಞರಾದ ವಾಲ್ಟರ್ ಕ್ಯಾನನ್ ಎಂಬವರು 1915ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದರು. ಹುಲಿಯ ಮುಂದೆ ಉಪಯೋಗಕ್ಕೆ ಬರುವ ಈ ಏರ್ಪಾಡು ನೂರು ಜನರ ಕಣ್ಣುಗಳ ಮುಂದೆಯೂ ತಾನಾಗಿಯೇ ಎಚ್ಚರಗೊಳ್ಳುತ್ತದೆ. ಆದಕಾರಣ ಕಂಪವು ದೇಹವು ಸಿದ್ಧವಾಗಿರುವುದರ ಗುರುತೇ ಹೊರತು ಅಯೋಗ್ಯತೆಯ ಗುರುತಲ್ಲ.

ಇದಕ್ಕೆ ಮಹಾತ್ಮಾ ಗಾಂಧಿಯವರ ಜೀವಿತವೇ ಸಾಕ್ಷಿ. ಲಂಡನಿನಲ್ಲಿ ಓದುತ್ತಿದ್ದಾಗ ಅವರು ಸಸ್ಯಾಹಾರಿಗಳ ಸಂಘದ ಸಮಿತಿಯಲ್ಲಿ ಮಾತನಾಡಲಾರದೆ ಕುಳಿತಿರುತ್ತಿದ್ದರು. ಒಮ್ಮೆ ಒಂದೇ ಹಾಳೆಯಷ್ಟು ಬರೆದೊಯ್ದ ಭಾಷಣವನ್ನು ಓದಲೆಂದು ಎದ್ದಾಗ ಕಣ್ಣು ಮಂಜಾಗಿ ಕೈ ನಡುಗಿತು. ಅದನ್ನು ಬೇರೊಬ್ಬರು ಓದಬೇಕಾಯಿತು. 1891ರಲ್ಲಿ ಬ್ಯಾರಿಸ್ಟರರಾಗಿ ಸ್ವದೇಶಕ್ಕೆ ಮರಳಿದ ಮೇಲೆ ಮುಂಬಯಿಯ ನ್ಯಾಯಸ್ಥಾನದಲ್ಲಿ ಪಾಟೀಸವಾಲು ಮಾಡಲು ನಿಂತವರಿಗೆ ತಲೆ ಸುತ್ತಿ ಒಂದು ಪ್ರಶ್ನೆಯೂ ಹೊರಡಲಿಲ್ಲ. ಆ ವ್ಯಾಜ್ಯದ 30 ರೂಪಾಯಿ ಫೀಜನ್ನು ಬಿಟ್ಟುಕೊಟ್ಟು ಅವರು ಹೊರಬಂದರು. ಆದರೆ 1893ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿ ಭಾರತೀಯರ ಸಭೆಯೊಂದನ್ನು ಕುರಿತು ವ್ಯಾಪಾರದಲ್ಲಿ ಸತ್ಯವೆಂಬ ವಿಷಯದ ಮೇಲೆ ಮಾತನಾಡಿದರು. ತಮ್ಮ ಜೀವಿತದ ಮೊದಲನೆಯ ಸಾರ್ವಜನಿಕ ಭಾಷಣವು ಅದೇ ಎಂದು ಅವರೇ ಆತ್ಮಕಥೆಯಲ್ಲಿ ಹೇಳಿದ್ದಾರೆ.

ನಡುವಣ ಅಲ್ಪಕಾಲದಲ್ಲಿ ಅವರ ಸ್ವಭಾವವು ಬದಲಾಯಿತೇ? ಹಾಗಲ್ಲ, ಅಳುಕು ಅವರನ್ನು ಪೂರ್ಣವಾಗಿ ಬಿಡಲಿಲ್ಲವೆಂದೂ ಅವರು ಬರೆದಿದ್ದಾರೆ. ಪ್ರಿಟೋರಿಯದಲ್ಲಿ ಅವರು ವಿಷಯವನ್ನು ಚೆನ್ನಾಗಿ ಸಿದ್ಧಪಡಿಸಿಕೊಂಡಿದ್ದರು. ತಮ್ಮವರ ಕಷ್ಟವನ್ನು ಕಂಡು ಹೇಳಲೇಬೇಕಾದ ಮಾತನ್ನು ಹೊತ್ತುಕೊಂಡಿದ್ದರು. ನಾವು ಹೇಗೆ ಕಾಣುತ್ತೇವೆಂಬ ಚಿಂತೆಗಿಂತ ಇವರಿಗೆ ಏನು ಹೇಳಬೇಕೆಂಬ ಚಿಂತೆಯು ದೊಡ್ಡದಾದಾಗ ಕಂಪವು ಇದ್ದರೂ ನಾಲಿಗೆಯು ನಡೆಯುತ್ತದೆ.

ಇನ್ನು ಕೆಲವು ಉಪಾಯಗಳು. ಭಾಷಣವನ್ನೆಲ್ಲಾ ಉರುಹೊಡೆಯಬಾರದು; ಒಂದು ಪದವು ಜಾರಿದರೆ ಸರಪಣಿಯೇ ಕಳಚುವುದು. ಮೊದಲನೆಯ ಎರಡು ವಾಕ್ಯಗಳನ್ನೂ ಕಡೆಯದನ್ನೂ ಬಾಯಿಪಾಠಮಾಡಿ, ಉಳಿದುದಕ್ಕೆ ನಾಲ್ಕೈದು ಮುಖ್ಯಾಂಶಗಳನ್ನು ಬರೆದಿಟ್ಟುಕೊಂಡರೆ ಸಾಕು. ಬಾಯಿತೆರೆಯುವ ಮುಂಚೆ ಉಸಿರನ್ನು ನಿಧಾನವಾಗಿ ಹೊರಕ್ಕೆ ಬಿಡಬೇಕು. ಮನೆಮಂದಿಯ ಮುಂದೆ ಗಟ್ಟಿಯಾಗಿ ಹೇಳಿ ಅಭ್ಯಾಸಮಾಡಿ, ಕ್ರಮೇಣ ದೊಡ್ಡ ಕೂಟಕ್ಕೆ ಹೋಗಬೇಕು. ಅದಲ್ಲದೆ, ಒಳಗಿನ ಅಳುಕು ಭಾಷಣಮಾಡುವವರು ಎಣಿಸುವಷ್ಟು ಹೊರಗೆ ಕಾಣುವುದಿಲ್ಲವೆಂದು 2003ರಲ್ಲಿ ಸವಿಟ್ಸ್ಕಿ ಮತ್ತು ಗಿಲೊವಿಚ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಪರೀಕ್ಷೆಗಳಿಂದ ತೋರಿಸಿದ್ದಾರೆ. ಈ ಸಂಗತಿಯನ್ನು ಮುಂದಾಗಿ ತಿಳಿದವರು ಹೆಚ್ಚು ಚೆನ್ನಾಗಿ ಮಾತನಾಡಿದರೆಂಬುದೂ ಅಲ್ಲಿ ಕಂಡುಬಂತು.

ತಾಯಿತಂದೆಗಳಿಗೆ ಒಂದು ಬಿನ್ನಹ. ಹೆಣ್ಣುಮಗಳು ಗಟ್ಟಿಯಾಗಿ ಮಾತನಾಡಬಾರದೆಂದು ಹತ್ತು ವರುಷ ಗದರಿಸಿ, ಹನ್ನೊಂದನೆಯ ವರುಷದಲ್ಲಿ ವೇದಿಕೆಯ ಮೇಲೆ ಅವಳು ತಡವರಿಸಿದಳೆಂದು ನಗುವುದು ನ್ಯಾಯವಲ್ಲ. ಊಟಕ್ಕೆ ಕುಳಿತಾಗ ಅವಳ ಅಭಿಪ್ರಾಯವನ್ನು ಕೇಳಿರಿ. ಅವಳು ಹೇಳಿ ಮುಗಿಸುವ ತನಕ ತಾಳಿರಿ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಪಂಚಾಯತಿಗಳಲ್ಲಿ ಮೂರರಲ್ಲೊಂದು ಪಾಲಿಗೆ ಕಡಿಮೆಯಾಗದಷ್ಟು ಸ್ಥಾನಗಳನ್ನು ಸ್ತ್ರೀಯರಿಗೆ ಕಾದಿರಿಸಿದೆ. ಕುಳಿತುಕೊಳ್ಳುವ ಪೀಠವನ್ನು ಕಾನೂನು ಕೊಡಬಲ್ಲುದು. ಎದ್ದು ಮಾತನಾಡುವ ಧೈರ್ಯವನ್ನು ಮನೆಯೂ ಶಾಲೆಯೂ ಕೂಡಿ ಕೊಡಬೇಕು.

ಹಳೆಯ ವಿದ್ಯಾರ್ಥಿನಿಯರಾದ ಸಹೋದರಿಯರೇ, ಮುಂದಿನ ಸಭೆಯಲ್ಲಿ ನಿಮ್ಮ ಎದೆಯು ಬಡಿದುಕೊಂಡರೆ ಬಡಿದುಕೊಳ್ಳಲಿ. ನೀವು ಎದ್ದು ನಿಂತು ಮೊದಲನೆಯ ವಾಕ್ಯವನ್ನು ಹೇಳಿರಿ.