ಆಡಿ ಕಲಿತ ಎಣಿಕೆ ಕೊಟ್ಟಿಗೆಗೂ ಬರಲಿ

ಹೈನುಗಾರ ಸಹೋದರಿಯರೇ,

ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯಲ್ಲಿರುವ ಕೌದಳ್ಳಿಯಲ್ಲಿ, ಸುತ್ತಲ ಊರುಗಳಲ್ಲಿ ಅಳಗುಳಿ ಮಣೆ ಆಡಿ ಬೆಳೆದವರು ನಿಮ್ಮಲ್ಲಿ ಅನೇಕರಿರಬಹುದು. ಹದಿನಾಲ್ಕು ಗುಳಿಗಳಿಗೆ ಹುಣಸೆ ಬೀಜ ಹಾಕುತ್ತಾ, ಕೊನೆಯ ಬೀಜ ಎಲ್ಲಿ ಬೀಳುತ್ತದೆಂದು ಕಣ್ಣಲ್ಲೇ ಲೆಕ್ಕ ಹಾಕುತ್ತಿದ್ದಿರಿ. ಆ ಲೆಕ್ಕವನ್ನೂ "ಯಾಕೆ ಹೀಗೆ?" ಎಂದು ಕೇಳುತ್ತಿದ್ದ ಕುತೂಹಲವನ್ನೂ ಕೊಟ್ಟಿಗೆಗೆ ತನ್ನಿ. ಇದಕ್ಕೆ ಖರ್ಚಿಲ್ಲ. ಹಸುವಿನ ಕಾಯಿಲೆ ಒಂದು ದಿನ ಮೊದಲೇ ಗೊತ್ತಾದರೆ ಹಾಲೂ ಉಳಿಯುತ್ತದೆ, ಹಣವೂ ಉಳಿಯುತ್ತದೆ.

ಆಟದ ನೆನಪು ಕೆಲಸದ ಸಾಧನವಾದದ್ದೂ ಉಂಟು. ಪಶುವೈದ್ಯರ ಕೊರಳಲ್ಲಿರುವ ಸ್ಟೆತಸ್ಕೋಪನ್ನೇ ನೋಡಿ. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ರೆನೆ ಲೆನೆಕ್ ಅವರು ರೋಗಿಯೊಬ್ಬಳ ಎದೆಬಡಿತ ಕೇಳಬೇಕಿತ್ತು. ಮರದ ತೊಲೆಯ ಒಂದು ತುದಿಯನ್ನು ಗುಂಡುಸೂಜಿಯಿಂದ ಕೆರೆದರೆ ಇನ್ನೊಂದು ತುದಿಗೆ ಕಿವಿಯಿಟ್ಟವರಿಗೆ ಸದ್ದು ಕೇಳಿಸುತ್ತದೆ ಎಂಬುದು ಅವರಿಗೆ ನೆನಪಾಯಿತು. ಮಕ್ಕಳು ಹಾಗೆ ಆಡುವುದನ್ನು ಅವರು ಕಂಡಿದ್ದರಂತೆ. ಕಾಗದವನ್ನು ಸುರುಳಿ ಸುತ್ತಿ ಎದೆಗಿಟ್ಟು ಕೇಳಿದರು. ಬಡಿತ ಸ್ಪಷ್ಟವಾಗಿ ಕೇಳಿಸಿತು. ಬೆಂಕಿಪೊಟ್ಟಣಕ್ಕೆ ದಾರ ಕಟ್ಟಿ ಫೋನ್ ಆಟ ಆಡಿದವರಿಗೆ ಇದು ಅಚ್ಚರಿಯಲ್ಲ.

ನೀವೂ ಈ ಮೂರನ್ನು ಮಾಡಿ ನೋಡಿ.

ಮೆಲುಕು ಎಣಿಸಿ: ಹಸು ಮಲಗಿ ಮೆಲುಕು ಹಾಕುವಾಗ ಒಂದು ತುತ್ತನ್ನು ಎಷ್ಟು ಸಲ ಅಗಿಯುತ್ತದೆ ಎಂದು ಲೆಕ್ಕ ಹಾಕಿ. ಆರೋಗ್ಯವಾಗಿರುವ ಹಸು ಸಾಮಾನ್ಯವಾಗಿ 40ರಿಂದ 70 ಸಲ ಅಗಿಯುತ್ತದೆ. ಮೆಲುಕು ಕಡಿಮೆಯಾದರೆ ಅಥವಾ ನಿಂತರೆ ಏನೋ ತೊಂದರೆಯಿದೆ ಎಂದೇ ತಿಳಿಯಿರಿ.

ಹೊಟ್ಟೆಯ ಚಲನೆ ನೋಡಿ: ಎಡಗಡೆ ಕೊನೆಯ ಪಕ್ಕೆಲುಬಿನ ಹಿಂದಿನ ತಗ್ಗಿನಲ್ಲಿ ಮುಷ್ಟಿಯೊತ್ತಿ ಹಿಡಿಯಿರಿ. ಎರಡು ನಿಮಿಷದಲ್ಲಿ ಸುಮಾರು ಮೂರು ಸಲ ಹೊಟ್ಟೆ ಕೈಯನ್ನು ಮೇಲಕ್ಕೆ ತಳ್ಳಬೇಕು. ಆ ತಗ್ಗು ಉಬ್ಬಿ ಬಿಗಿಯಾಗಿದ್ದರೆ ಕಾಯಬೇಡಿ, ಕೂಡಲೇ ಪಶುವೈದ್ಯರನ್ನು ಕರೆಸಿ.

ದಿನ ಎಣಿಸಿ: ಬೆದೆ ಬಂದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಗರ್ಭ ನಿಲ್ಲದಿದ್ದರೆ ಸುಮಾರು 21 ದಿನಕ್ಕೆ ಮತ್ತೆ ಬೆದೆ ಬರುತ್ತದೆ. 18ನೇ ದಿನದಿಂದಲೇ ಬೆಳಗ್ಗೆ, ಸಂಜೆ ಗಮನಿಸಿ. ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಕೃತಕ ಗರ್ಭಧಾರಣೆ ಮಾಡಿಸಿ. ಒಂದು ಬೆದೆ ತಪ್ಪಿದರೆ ಮೂರು ವಾರದ ಮೇವಿನ ಖರ್ಚು ಹೆಚ್ಚಾಯಿತೆಂದೇ ಲೆಕ್ಕ.

ಒಂದೊಂದು ಹಸುವಿನ ರೀತಿ ಒಂದೊಂದು. ಅದು ಚೆನ್ನಾಗಿರುವಾಗಲೇ ನಾಲ್ಕು ದಿನ ಎಣಿಸಿ ಬರೆದಿಟ್ಟುಕೊಂಡರೆ ವ್ಯತ್ಯಾಸವಾದಾಗ ತಟ್ಟನೆ ಗೊತ್ತಾಗುತ್ತದೆ. ಶಾಲೆಯಿಂದ ಬಂದ ಮಕ್ಕಳನ್ನೂ ಎಣಿಸಲು ಕೂರಿಸಿ. "ಹಸು ಯಾಕಮ್ಮ ಬರೀ ಬಾಯಿ ಆಡಿಸುತ್ತೆ?" ಎಂದು ಕೇಳಿದರೆ ಗದರಬೇಡಿ. ಗೊತ್ತಿದ್ದರೆ ಹೇಳಿ, ಗೊತ್ತಿಲ್ಲದಿದ್ದರೆ ಪಶುವೈದ್ಯರು ಬಂದ ದಿನ ಮಗುವಿನ ಕೈಲೇ ಕೇಳಿಸಿ.